ದಾಖಲೆಯ ನಿಯಮಪತ್ರ: ಹಳೆಯದರಿಂದ ಹೊಸದಕ್ಕೆ



ಪುಣೆಯ ನಿಗಡಿಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ವಿಳಾಸವನ್ನು ಗಣಕಯಂತ್ರದಲ್ಲಿ ದಾಖಲಿಸಬೇಕಾಗಿದೆ ಎಂದು ಭಾವಿಸೋಣ. ಪಿನ್ ಕೋಡ್ 411044. ದೂರವಾಣಿಯ ಎಸ್‌ಟಿಡಿ ಸಂಖ್ಯೆ 020. ಇಂತಹ ದಾಖಲೆಗಳನ್ನು ಕಚೇರಿಯಿಂದ ಕಚೇರಿಗೆ ಸಾಗಿಸಲು ನೆರವಾಗುವ ಎಕ್ಸ್‌ಎಂಎಲ್ ಭಾಷೆ 1998ರಲ್ಲಿ ಅಂಗೀಕೃತವಾಯಿತು. ದಾಖಲೆಯಲ್ಲಿ ಯಾವ ಅಂಶದ ತರುವಾಯ ಯಾವುದು ಬರಬೇಕೆಂಬುದನ್ನು ಅದರೊಡನೆ ಬಂದ ಡಿಟಿಡಿ ಎಂಬ ನಿಯಮಪತ್ರವು ವಿಧಿಸುತ್ತಿತ್ತು. ಆದರೆ ಪಿನ್ ಕೋಡಿನ ಅಂಶದೊಳಗೆ ‘ನಿಗಡಿ’ ಎಂದೇ ಬರೆದರೂ ಅದು ಆಕ್ಷೇಪಿಸುತ್ತಿರಲಿಲ್ಲ. ಅದರ ಪಾಲಿಗೆ ಅಲ್ಲಿರುವುದು ಬರಿಯ ಅಕ್ಷರಗಳು. 2001ರ ಮೇ ತಿಂಗಳಿನಲ್ಲಿ ಅಂಗೀಕೃತವಾದ ಎಕ್ಸ್‌ಎಂಎಲ್ ಸ್ಕೀಮಾ ಈ ಕೊರತೆಯನ್ನು ನೀಗಿಸಿತು. ಅಂಕಿ, ದಿನಾಂಕ, ಪದ ಇವುಗಳ ಭೇದವನ್ನು ಅದು ಬಲ್ಲದು.

ಜೇಮ್ಸ್ ಕ್ಲಾರ್ಕ್ ಅವರು ರಚಿಸಿದ ಟ್ರ್ಯಾಂಗ್ ಎಂಬ ತಂತ್ರಾಂಶವು ಹಳೆಯ ನಿಯಮಪತ್ರವನ್ನು ಹೊಸದಕ್ಕೆ ತಾನಾಗಿಯೇ ಪರಿವರ್ತಿಸುತ್ತದೆ. ಕಾರ್ಯ ಅಲ್ಲಿಗೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು! ಹಳೆಯದರಲ್ಲಿ ಹೇಳದೆ ಬಿಟ್ಟುದನ್ನು ಯಂತ್ರವು ಊಹಿಸಲಾರದು. ಪಿನ್ ಕೋಡಿಗೆ ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ ಎಂಬುದನ್ನು ಅಂಚೆಯ ವ್ಯವಸ್ಥೆಯನ್ನು ಅರಿತವರೇ ಸೇರಿಸಬೇಕು. ಅವಸರದಲ್ಲಿ 020ನ್ನು ಪೂರ್ಣಾಂಕವೆಂದು ಘೋಷಿಸಿದರೆ ಅದರ ಬೆಲೆ 20 ಮಾತ್ರ. ಮೊದಲ ಸೊನ್ನೆ ಉಳಿಯುವ ಭರವಸೆಯಿಲ್ಲ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಸ್ಕೀಮಾದಲ್ಲಿ ‘ಯಾವುದೇ ಅಂಕಿ’ ಎಂಬ ಸಂಕೇತವನ್ನು ಬಳಸಿದರೆ ೪೧೧೦೪೪ ಸಹ ಸ್ವೀಕೃತ. ‘0ಯಿಂದ 9ರವರೆಗೆ’ ಎಂದು ಬರೆದರೆ ತಿರಸ್ಕೃತ. ಕನ್ನಡ ಅಂಕಿಗಳಲ್ಲಿ ತುಂಬಿದ ಅರ್ಜಿಯ ಗತಿ ಈ ಒಂದು ಸಾಲಿನಲ್ಲಿ ನಿರ್ಧಾರವಾಗುತ್ತದೆ. ಎರಡು ರೂಪಗಳನ್ನೂ ಸ್ವೀಕರಿಸಿ, ಆಮೇಲೆ ಒಂದೇ ರೂಪದಲ್ಲಿ ಸಂಗ್ರಹಿಸುವುದು ಮೇಲೆಂದು ನನ್ನ ಅಭಿಪ್ರಾಯ.