ಕರುಳು ತಿರುಚಿಕೊಂಡರೆ ಕಾಯಬೇಡಿ
(ಸಂಘದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ಓದಿ ಟೊಮೆಟೊ ಬೆಳೆಯೋನು. ಆದರೂ ಯಶಸ್ವಿನಿ ಕಾರ್ಡಿನ ಮಾತಿಗೆ ಮುಂಚೆ ಒಂದು ಕಾಯಿಲೆಯ ವಿಷಯ ಹೇಳಬೇಕು. ಇದರಲ್ಲಿ ಜೀವ ಉಳಿಯೋದು ಹೋಗೋದು ಗಂಟೆಗಳ ಲೆಕ್ಕ.

ಡ್ರಿಪ್ ಪೈಪು ತಿರುಚಿಕೊಂಡರೆ ಏನಾಗುತ್ತೆ? ಹಿಂದೆ ನೀರು ಉಬ್ಬಿ ನಿಲ್ಲುತ್ತೆ, ಮುಂದಕ್ಕೆ ತೊಟ್ಟೂ ಹೋಗಲ್ಲ. ದೊಡ್ಡ ಕರುಳಿನ ಕೊನೆಯ ಭಾಗ ಕೆಲವರಲ್ಲಿ ಉದ್ದವಾಗಿ ಜೋಲುತ್ತಿರುತ್ತದೆ. ಅದು ತನ್ನ ಬುಡದ ಸುತ್ತ ಸುತ್ತಿಕೊಂಡರೆ ಹಾಗೇ ಆಗುತ್ತದೆ. ಆದರೆ ಕರುಳಿಗೆ ರಕ್ತ ತರುವ ನಾಳಗಳೂ ಆ ಬುಡದಲ್ಲೇ ಇವೆ. ಅವು ಹಿಂಡಿಹೋದರೆ ಕರುಳು ಕೊಳೆಯುತ್ತದೆ. ವಯಸ್ಸಾದವರಲ್ಲಿ, ಬಹುಕಾಲದಿಂದ ಮಲಬದ್ಧತೆ ಇರುವವರಲ್ಲಿ ಇದು ಹೆಚ್ಚು. ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಗಾಳಿಯೂ ಹೋಗುವುದಿಲ್ಲ, ನೋವು, ಆಮೇಲೆ ವಾಂತಿ. ಎಳೆಗೂಸು ಹಸಿರು ವಾಂತಿ ಮಾಡಿದರಂತೂ ಹಾಲು ಅರಗಿಲ್ಲ ಅಂತ ಕೂರಬೇಡಿ. ಅದರ ಸಣ್ಣ ಕರುಳು ತಿರುಚಿರಬಹುದು.

ನಾವೇನು ಮಾಡ್ತೀವಿ? ಗ್ಯಾಸ್ ಅಂತ ಸೋಡಾ, ಹರಳೆಣ್ಣೆ, ಹೊಟ್ಟೆ ನೀವಿಸೋದು. ಎರಡು ದಿನ ಕಳೆಯುತ್ತೆ. ತಿರುಚಿದ ಕರುಳಿಗೆ ಭೇದಿ ಔಷಧಿ ಅಂದರೆ ವಾಲ್ವು ಮುಚ್ಚಿ ಮೋಟಾರ್ ಹಾಕಿದ ಹಾಗೆ.

'ಹೊಟ್ಟೆ ಕುಯ್ತಾರೆ' ಅನ್ನೋ ಭಯ ಬೇರೆ. ದೊಡ್ಡ ಕರುಳು ತಿರುಚಿ ಇನ್ನೂ ಕೊಳೆತಿಲ್ಲವೆಂದರೆ ಮೊದಲು ಕುಯ್ಯೋದೇ ಇಲ್ಲ. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಸುತ್ತು ಬಿಡಿಸುತ್ತಾರೆ. ಗಾಳಿ ಹೊರಬಂದು ಹೊಟ್ಟೆ ಇಳಿಯುತ್ತೆ. ಆಗ 'ವಾಸಿಯಾಯ್ತು, ಮನೆಗೆ ಹೋಗೋಣ' ಅನ್ನಬಾರದು, ಬಹಳ ಜನಕ್ಕೆ ಅದು ಮತ್ತೆ ಸುತ್ತಿಕೊಳ್ಳುತ್ತೆ. ಅದಕ್ಕೇ ಕೆಲವು ದಿನಗಳಲ್ಲಿ ಆ ಭಾಗ ತೆಗೆದು ಕರುಳನ್ನು ಜೋಡಿಸುತ್ತಾರೆ. ಇದನ್ನು ಲ್ಯಾಪರೋಸ್ಕೋಪಿಯಲ್ಲೂ ಮಾಡಬಹುದು. ಹೊಕ್ಕುಳ ಬಳಿ ಸಣ್ಣ ತೂತು, ಒಳಗೆ ಗಾಳಿ ತುಂಬಿ ಜಾಗ ಮಾಡಿ ಕ್ಯಾಮೆರಾ, ಬೇರೆ ತೂತುಗಳಲ್ಲಿ ಸಲಕರಣೆ. ಕತ್ತರಿಸಿದ್ದನ್ನು ಹೊರತೆಗೆಯಲು ಒಂದು ಚಿಕ್ಕ ಗಾಯ, ಅಷ್ಟೆ. ನೋವು ಕಡಿಮೆ, ಬೇಗ ಓಡಾಡಬಹುದು. ಕರುಳು ಕೊಳೆತಿದ್ದರೆ ಸಾಮಾನ್ಯವಾಗಿ ಹೊಟ್ಟೆ ತೆರೆಯಲೇಬೇಕು. ಕೆಲವರಿಗೆ ಮಲಕ್ಕೆ ಹೊಟ್ಟೆಯ ಮೇಲೆ ಚೀಲ ಕಟ್ಟಬೇಕಾಗುತ್ತೆ. ತಡ ಮಾಡಿದ್ದಕ್ಕೆ ತೆರುವ ದಂಡ ಅದು.

ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಉದ್ವಾಡಿಯಾ ಅವರು 1990ರಲ್ಲೇ ತೂತಿನ ಮೂಲಕ ಪಿತ್ತಕೋಶ ತೆಗೆದಿದ್ದರು.

ಇನ್ನು ದುಡ್ಡು. 2003ರಲ್ಲಿ ಸಹಕಾರಿ ರೈತರಿಗೆಂದು ಯಶಸ್ವಿನಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿಬಿಟ್ಟರು. ಮತ್ತೆ 2023ರ ಜನವರಿಯಲ್ಲಿ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಹಸುವಿನ ವಿಮೆ ಕಟ್ಟೋರು ಇದನ್ನು ಬಿಡೋದು ನನಗೆ ಅರ್ಥವಾಗಲ್ಲ! ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ಈ ಆಪರೇಷನ್ ಸೇರಿದೆಯೇ ಅಂತ ಕೌಂಟರಿನಲ್ಲೇ ಕೇಳಿ.

ಕೋಲಾರಕ್ಕೆ ಹೋದರೆ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ. ಮಾಲೂರಿನ ಕಡೆಯವರಿಗೆ ಬೆಂಗಳೂರೂ ಹತ್ತಿರ. ಮುಳಬಾಗಿಲು, ಶ್ರೀನಿವಾಸಪುರದ ಒಳಹಳ್ಳಿಯವರು ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಕಾರ್ಡನ್ನು ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ, ಮನೆಯ ಹೆಣ್ಣುಮಕ್ಕಳಿಗೂ ಕೈಗೆ ಸಿಗೋ ಜಾಗದಲ್ಲಿರಲಿ.