ಮನೆಯ ಒಳಗೋಡೆಗೆ ಸುಣ್ಣ, ಬಣ್ಣ
(ಖಟಕ ಚಿಂಚೋಳಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಮಹಾನವಮಿ ಹತ್ತಿರ ಬಂತು. ನಮ್ಮ ಊರಲ್ಲಿ ಮನೆ ಮನೆಗೂ ಈಗ ಒಂದೇ ಮಾತು. "ಸುಣ್ಣ ಹಚ್ಚೋದು ಯಾವಾಗ?" ಅದಕ್ಕೇ ಇವತ್ತು ಗೋಡೆಯ ಮಾತು ಆಡೋಣ ಅಂತ ಬಂದೀನಿ.

ಮೊದಲು ನನ್ನ ತಪ್ಪು ಹೇಳ್ತೀನಿ. ಮಗಳ ಮದುವೆ ಇತ್ತು. ಬೀಗರು ಬರ್ತಾರ, ಮನೆ ಹೊಳೀಬೇಕು ಅನ್ನೋ ಆಸೆ. ನಮ್ಮದು ಕಲ್ಲು ಮಣ್ಣಿನ ಗೋಡೆ. ಮೇಲೆ ಮಣ್ಣಿನ ಮಾಳಿಗೆ. ಅಂಗಡಿಯವರು, "ಎಣ್ಣೆ ಬಣ್ಣ ಹಚ್ಚಿಸ್ರಿ ಅಕ್ಕಾ, ಹತ್ತು ವರ್ಷ ನೋಡೋದೇ ಬ್ಯಾಡ" ಅಂದರು. ಸಂಘದ ಸಾಲ ತಂದು ಹಚ್ಚಿಸಿದೆ. ಮದುವೆಯ ದಿನ ಗೋಡೆ ಕನ್ನಡಿಯಂಗ ಹೊಳೀತು. ಮುಂದಿನ ಮಳೆಗಾಲಕ್ಕೆ ಹಪ್ಪಳದಂಗ ಉಬ್ಬಿತು. ಬೆರಳು ತಾಗಿದರೆ ಮಣ್ಣು ಸಮೇತ ಉದುರಿತು. ಬಣ್ಣ ಹೋಯಿತು, ಸಾಲದ ಕಂತು ಉಳಿಯಿತು.

ಯಾಕೆ ಹೀಗಾಯಿತು? ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ. ಗಾಳಿ, ಬಿಸಿಲು ಬಂದಾಗ ಬಿಡುತ್ತದೆ. ಎಣ್ಣೆ ಬಣ್ಣ ಹಚ್ಚಿದರೆ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದಂತೆ. ಒಳಗಿನ ತೇವಕ್ಕೆ ದಾರಿ ಇಲ್ಲ. ಅದು ಬಣ್ಣವನ್ನೇ ಹೊರಗೆ ದೂಡುತ್ತದೆ. ಸುಣ್ಣ ಹಾಗಲ್ಲ. ತೇವ ಅದರೊಳಗಿಂದ ಹಾದು ಹೋಗುತ್ತದೆ. ನಮ್ಮ ಅತ್ತಿ ಆವತ್ತೇ ಹೇಳಿದ್ದರು. ನಾನು ಕೇಳಲಿಲ್ಲ.

ಸುಣ್ಣ ಅರಳಿಸುವುದನ್ನು ಅವರೇ ಕಲಿಸಿದರು. ಹಳೆಯ ಕಬ್ಬಿಣದ ಪೀಪಾಯಿ ತಗೋರಿ. ಅಲ್ಯೂಮಿನಿಯಂ ಪಾತ್ರೆ ಬ್ಯಾಡ. ಸುಣ್ಣ ಅದನ್ನು ತಿನ್ನುತ್ತದೆ. ಮೊದಲು ನೀರು, ಆಮೇಲೆ ಸುಣ್ಣದ ಕಲ್ಲು. ಒಂದೊಂದೇ ಕಲ್ಲು ಮೆಲ್ಲಗೆ ಬಿಡಬೇಕು. ಕಲ್ಲಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೊತ ಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಇಡ್ರಿ. ಕಣ್ಣಿಗೆ ಸಿಡಿದರೆ ಉಜ್ಜಬ್ಯಾಡ್ರಿ. ಕಣ್ಣು ತೆರೆದು ಸ್ವಚ್ಛ ನೀರು ಸುರೀತಾ ಇರ್ರಿ. ಇಪ್ಪತ್ತು ನಿಮಿಷವಾದರೂ ಸುರೀಬೇಕು. ಆಮೇಲೆ ತಡ ಮಾಡದೆ ದವಾಖಾನೆಗೆ ಹೋಗ್ರಿ. ಸುಣ್ಣ ಕಣ್ಣನ್ನೇ ಸುಡುತ್ತದೆ.

ಅರಳಿದ ಸುಣ್ಣ ಒಂದೆರಡು ದಿನ ನೆನೆಯಲಿ. ಆಮೇಲೆ ಬಟ್ಟೆಯಲ್ಲಿ ಸೋಸ್ರಿ. ಸ್ವಲ್ಪ ಅಂಟು ಅಥವಾ ಉಪ್ಪು ಹಾಕ್ರಿ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ.

ಇನ್ನು ಎಲ್ಲರೂ ತಪ್ಪುವ ಜಾಗ ಹೇಳ್ತೀನಿ. ಸುಣ್ಣ ಮಜ್ಜಿಗೆಯಷ್ಟು ತೆಳ್ಳಗಿರಬೇಕು. ಹಸಿ ಇದ್ದಾಗ ಗೋಡೆ ಕಂಡೂ ಕಾಣದಂಗ ಇರುತ್ತದೆ. "ಅಯ್ಯ, ಏನೂ ಬಿಳಿ ಆಗಲಿಲ್ಲ" ಅಂತ ನಾವು ಗಟ್ಟಿ ಮಾಡ್ತೀವಿ. ಅಲ್ಲೇ ಕೆಡುತ್ತದೆ. ಒಣಗಿದ ಮೇಲೆ ತಾನೇ ಬೆಳ್ಳಗಾಗುತ್ತದೆ. ಗಾಳಿ ತಾಗಿ ಗಟ್ಟಿಯೂ ಆಗುತ್ತದೆ. ಗಟ್ಟಿ ಸುಣ್ಣ ಬಳಿದರೆ ಸಿಪ್ಪೆ ಏಳುತ್ತದೆ. ಒರಗಿ ಕೂತವರ ಸೀರೆಗೆಲ್ಲ ಹತ್ತುತ್ತದೆ. ತೆಳ್ಳಗೆ ಎರಡು ಸಲ, ಬೇಕಾದರೆ ಮೂರು ಸಲ ಹಚ್ಚ್ರಿ. ಹಚ್ಚುವ ಮುಂಚೆ ಗೋಡೆಗೆ ನೀರು ಚಿಮುಕಿಸ್ರಿ. ಒಣ ಗೋಡೆ ಸುಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ.

ಒಲೆಯ ಗೋಡೆಯ ಮಸಿ ಮೊದಲು ತೊಳೀಬೇಕು. ಇಲ್ಲದಿದ್ದರೆ ಕಂದು ಕಲೆ ಮತ್ತೆ ಮೇಲೆ ಬರುತ್ತದೆ. ಮಾಳಿಗೆ ಸೋರುತ್ತಿದ್ದರೆ ಮೊದಲು ಮಾಳಿಗೆ, ಆಮೇಲೆ ಗೋಡೆ. ಕೆಳಗೆ ಎರಡು ಅಡಿ ಕೆಮ್ಮಣ್ಣಿನ ಪಟ್ಟಿ ಬಳಿದರೆ ಮಕ್ಕಳ ಕೈ ಕಾಲಿನ ಕೊಳೆ ಕಾಣೋದಿಲ್ಲ. ಚೆಂದವೂ ಹೌದು.

ಬೀದರ ಹತ್ತಿರ ಅಷ್ಟೂರ ನೋಡೀರೇನು? ಅಲ್ಲಿ ಬಹಮನಿ ಸುಲ್ತಾನ ಅಹಮದ್ ಷಾನ ಗೋರಿ ಇದೆ. ಅವನು ತೀರಿದ್ದು 1436ರಲ್ಲಿ. ಗುಮ್ಮಟದ ಒಳಗೆ ಕೆಂಪು, ನೀಲಿ, ಬಂಗಾರದ ಬಣ್ಣದ ಚಿತ್ತಾರ ಇವತ್ತಿಗೂ ಕಾಣುತ್ತದೆ. ಹಿಂದೂಗಳು, ಮುಸಲ್ಮಾನರು ಇಬ್ಬರೂ ಅಲ್ಲಿಗೆ ಹೋಗ್ತಾರೆ. ಗುಮ್ಮಟ ಗಟ್ಟಿ ನಿಂತಿದೆ. ನಮ್ಮ ಮಾಳಿಗೆ ಅಷ್ಟು ಗಟ್ಟಿ ಎಲ್ಲಿಂದ ಬರಬೇಕು!

ಸಿಮೆಂಟ್ ಗೋಡೆಯವರು ಡಿಸ್ಟೆಂಪರ್ ಹಚ್ಚಬಹುದು. ಆದರೆ ಹಳೆಯ ಸುಣ್ಣ ಕೆರೆದು ತೆಗೆದ ಮೇಲೆಯೇ. ಎಷ್ಟು ಬಣ್ಣ ಬೇಕು ಅಂತ ಲೆಕ್ಕ ನಾವೇ ಮಾಡೋಣ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ ಅನ್ನೋಣ. ನಾಲ್ಕು ಗೋಡೆ ಕೂಡಿಸಿದರೆ 44 ಅಡಿ. ಎತ್ತರ 9 ಅಡಿ. 44ನ್ನು 9ರಿಂದ ಗುಣಿಸಿದರೆ 396 ಚದರ ಅಡಿ. 3 ಅಡಿ ಅಗಲ, 6 ಅಡಿ ಎತ್ತರದ ಬಾಗಿಲಿಗೆ 18 ಕಳೀರಿ. ಉಳಿದದ್ದು 378. ಒಂದು ಡಬ್ಬಿ ಎಷ್ಟು ಚದರ ಅಡಿಗೆ ಸಾಕು ಅಂತ ಸಾಮಾನ್ಯವಾಗಿ ಡಬ್ಬಿಯ ಮೇಲೆಯೇ ಬರೆದಿರುತ್ತಾರೆ. ಎರಡು ಸಲ ಹಚ್ಚುವುದಾದರೆ ಅದರ ದುಪ್ಪಟ್ಟು. ಆವತ್ತು ನನಗೆ ಓದಲು ಬರುತ್ತಿರಲಿಲ್ಲ. ಎಷ್ಟು ಡಬ್ಬಿ ಅಂದರೋ ಅಷ್ಟು ತಂದೆ. ಎರಡು ಡಬ್ಬಿ ತೆರೆಯದೆ ಉಳಿದವು.

ಬಾಗಿಲು, ಕಿಟಕಿಯ ಹಳೆಯ ಎಣ್ಣೆ ಬಣ್ಣ ಒಣಗಿದ್ದಾಗ ಕೆರೆಯಬ್ಯಾಡ್ರಿ. ಅದರಲ್ಲಿ ಸೀಸ ಇರಬಹುದು. ಆ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಕೆಟ್ಟದ್ದು. ನೀರು ಹಚ್ಚಿ ಒದ್ದೆ ಮಾಡಿ ಉಜ್ಜ್ರಿ. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸ್ರಿ. ಬಸುರಿಯರು ಈ ಕೆಲಸ ಮಾಡಬಾರದು. ಹೊಸ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಅಂತ 2017ರಿಂದ ನಿಯಮ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನೂ ಓದ್ರಿ.

ನಾಡಿದ್ದು ಸೋಮವಾರ ನಮ್ಮ ಅಂಗಳದಲ್ಲಿ ಸುಣ್ಣ ಅರಳಿಸ್ತೀನಿ. ನೋಡಬೇಕು ಅನ್ನೋರು ಬೆಳಿಗ್ಗೆ ಬರ್ರಿ. ಹಳೆಯ ಸೀರೆ ಉಟ್ಟು ಬರ್ರಿ.