ಹಳೆಯ ಸೈಕಲ್ಲಿಗೆ ನ್ಯಾಯದ ಬೆಲೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಆತನ ಪ್ರವಾದಿವರ್ಯರ(ಸ) ಮೇಲೆ ಸಲಾತ್ ಮತ್ತು ಸಲಾಮ್‌ಗಳು.

ಮಾನ್ಯ ಸಹೋದರರೇ, ಮೊನ್ನೆ ಅಸರ್ ನಮಾಝಿನ ಬಳಿಕ ಇಬ್ಬರು ಯುವಕರು ಒಂದು ಹಳೆಯ ಸೈಕಲ್ಲಿನ ಬೆಲೆ ತೀರ್ಮಾನಿಸಿಕೊಡಿ ಎಂದು ನಮ್ಮ ಬಳಿಗೆ ಬಂದರು. ಅಂಗಡಿಯಿಂದ ಹಾಗೇ ತಂದ ಸೈಕಲ್ ಅಲ್ಲ ಅದು. ಫ್ರೇಮ್ ಒಂದು ಕಡೆ, ಗೇರ್ ಇನ್ನೊಂದು ಕಡೆ, ಚಕ್ರ ಮತ್ತೊಂದು ಕಡೆ ಆರಿಸಿ ತಂದು ತನ್ನ ಎತ್ತರಕ್ಕೆ ಹೊಂದುವಂತೆ ಜೋಡಿಸಿಕೊಂಡದ್ದು. ಖರ್ಚಾದದ್ದು 26 ಸಾವಿರ, ರಸೀದಿಗಳಿವೆ. ಕೇಳುತ್ತಿರುವುದು 24 ಸಾವಿರ. ಅವನು ಹತ್ತು ದಿನಗಳಲ್ಲಿ ಗಲ್ಫಿಗೆ ಹೊರಡುವವನೆಂದು ತಿಳಿದಿದ್ದ ಇನ್ನೊಬ್ಬ 6 ಸಾವಿರದಲ್ಲೇ ನಿಂತಿದ್ದ.

ಮದೀನಾದಲ್ಲಿ ಬೆಲೆಗಳು ಏರಿದಾಗ ಬೆಲೆ ನಿಗದಿ ಮಾಡಿಕೊಡಬೇಕೆಂದು ಜನರು ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಯಾರಿಗೂ ಅನ್ಯಾಯ ಮಾಡಿದ ಹೊರೆಯಿಲ್ಲದೆ ಅಲ್ಲಾಹನನ್ನು ಭೇಟಿಯಾಗಬೇಕೆಂಬ ಆಸೆಯಿಂದ ಅವರು ಒಪ್ಪಲಿಲ್ಲ. ಹಾಗಿರುವಾಗ ಸೈಕಲ್ಲಿನ ಬೆಲೆ ಹೇಳಲು ನಾವು ಯಾರು? ಇಂಥ ಕಡೆ ಕಸುಬು ಬಲ್ಲವರನ್ನು ಕೇಳಬೇಕೆಂಬುದು ಫಿಕ್‌ಹ್ ವಿದ್ವಾಂಸರ ದಾರಿ. ಇಬ್ಬರನ್ನೂ ಸೈಕಲ್ ಶಾಪಿನ ಹಿರಿಯರೊಬ್ಬರ ಬಳಿಗೆ ಕರೆದೊಯ್ದೆವು.

ಅವರು ಮೊದಲು ರಸೀದಿಗಳನ್ನು ಬದಿಗಿಟ್ಟರು. ನೀನು ಖರ್ಚು ಮಾಡಿದ್ದು ನಿನ್ನ ಇಷ್ಟಕ್ಕೆ ಮಗಾ, ಕೊಳ್ಳುವವನು ಅದರ ಸಾಲಗಾರನಲ್ಲ ಎಂದರು. ಚೈನ್ ಎಳೆದು ನೋಡಿದರು. ರಿಮ್ ಎಷ್ಟು ಸವೆದಿದೆ ಎಂದು ಬೆರಳಾಡಿಸಿದರು. ಒಂದೊಂದು ಭಾಗವನ್ನೂ ಹಳೆಯ ಮಾಲಾಗಿ ಮಾರಿದರೆ ಎಷ್ಟು ಬಂದೀತೆಂದು ಬರೆದು ಕೂಡಿಸಿದಾಗ 14 ಸಾವಿರವಾಯಿತು. ಆದರೆ ಬಿಡಿಯಾಗಿ ಮಾರಲು ತಿಂಗಳುಗಟ್ಟಲೆ ಕಾಯಬೇಕು. ಇಡಿಯಾಗಿ ಮಾರೋಣವೆಂದರೆ ಆರಡಿ ಎತ್ತರದವನಿಗೆ ಕೂಡಿಸಿದ ಸೈಕಲ್ ಎಲ್ಲರಿಗೂ ಹೊಂದದು. ಹಾಗಾಗಿ 12 ಎಂದರು.

ಆಗ ಮಾರುವವನು ತಾನಾಗಿ ಬಾಯಿಬಿಟ್ಟ. ಪೆಡಲ್ ಕೂರುವ ಜಾಗದ ಹತ್ತಿರ ಫ್ರೇಮ್ ಒಮ್ಮೆ ಬಿರುಕು ಬಿಟ್ಟಿತ್ತು, ವೆಲ್ಡಿಂಗ್ ಮಾಡಿಸಿ ಮೇಲೆ ಪೇಂಟ್ ಹೊಡೆಸಿದ್ದ. ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬೆಲೆ 9ಕ್ಕೆ ಇಳಿಯಿತು. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಕೇಳಿದರು. ಪೇಂಟಿನಡಿಯ ವೆಲ್ಡಿಂಗ್ ಕೂಡ ಅದೇ ಒದ್ದೆ ಧಾನ್ಯ. ಇಳಿಜಾರಿನಲ್ಲಿ ಫ್ರೇಮ್ ಮುರಿದರೆ ಹೋಗುವುದು ಪ್ರಾಣ.

ಇನ್ನು ಕೊಳ್ಳುವವರ ವಿಷಯ. ಇದನ್ನು ಮಿಂಬರಿನಿಂದ ಹೇಳುವುದು ಕಡಿಮೆ. ಸಹಾಬಿ ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರಿಗಾಗಿ ಸೇವಕ 300 ದಿರ್ಹಮಿಗೆ ಕುದುರೆಯೊಂದನ್ನು ಗೊತ್ತುಮಾಡಿ, ಹಣ ಕೊಡಿಸಲು ಮಾಲೀಕನನ್ನೂ ಕರೆತಂದನೆಂದು ವರದಿಯಾಗಿದೆ. ಕುದುರೆ ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಜರೀರ್ ತಾವೇ ನೂರು ನೂರಾಗಿ ಏರಿಸುತ್ತಾ 800 ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ಬೈಅತ್ ಮಾಡಿದವರು ಅವರು. ಚೌಕಾಸಿ ಮಾಡಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಒಬ್ಬನ ಕೈಯಲ್ಲಿ ವಿಮಾನದ ಟಿಕೆಟನ್ನೋ ಆಸ್ಪತ್ರೆಯ ಬಿಲ್ಲನ್ನೋ ಕಂಡು ಬೆಲೆ ಮುರಿಯುವುದಕ್ಕೆ ಚೌಕಾಸಿ ಎನ್ನಲಾಗದು. ಆ 6 ಸಾವಿರ ಅವನ ಅವಸರಕ್ಕೆ ಕಟ್ಟಿದ ಬೆಲೆಯಾಗಿತ್ತು.

9 ಸಾವಿರಕ್ಕೆ ಇಬ್ಬರೂ ಒಪ್ಪಿದರು. 5 ಸಾವಿರ ಆಗಲೇ, ಉಳಿದದ್ದು ಮುಂದಿನ ಸಂಬಳಕ್ಕೆ. ವಾಯಿದೆಯ ಸಾಲವನ್ನು ಬರೆದಿಡಬೇಕೆಂದು ಅಲ್ ಬಕರಾ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ಮೊತ್ತ, ವಾಯಿದೆ, ಜೊತೆಗೆ ವೆಲ್ಡಿಂಗಿನ ವಿಷಯವನ್ನೂ ಕಾಗದದಲ್ಲಿ ಬರೆಸಿದೆವು. ಎಲ್ಲಿಂದ ತಂದೆ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲಿ ಎಂದು ಹಳೆಯ ರಸೀದಿಗಳನ್ನೂ ಕೊಂಡವನ ಕೈಗೆ ಕೊಡಿಸಿದೆವು.